ಎಸ್ಸೆ ಯಾರು ಬರೆದದ್ದು ಮಾರಾಯ್ರೆ?

ನಮ್ಮ ಮುಂಬಯಿ ಕನ್ನಡಿಗರ ಮನೆಗಳಿಗೂ ಈಗ ಈ ರೋಗ ಬಂದಿದೆ. ಮಗ ಎಂಬಿಎಗೆ ಅರ್ಜಿ ಹಾಕಬೇಕು, ಅದರ ಜೊತೆ ಕೇಳುವ ಎಸ್ಸೆಯನ್ನು ದುಡ್ಡು ಕೊಟ್ಟು ಬರೆಸಬೇಕು. ಠಾಣೆಯಲ್ಲೋ ಬೊರಿವಿಲಿಯಲ್ಲೋ ಒಬ್ಬ ಕನ್ಸಲ್ಟೆಂಟ್ ಸಿಕ್ಕೇ ಸಿಗುತ್ತಾನೆ. ಅವನು ಮೊದಲು ಮಾಡುವ ಕೆಲಸ ಏನು ಗೊತ್ತಾ? ಅಪ್ಪನ ಹೋಟೆಲನ್ನು ಅಳಿಸಿಹಾಕುವುದು! "ಫ್ಯಾಮಿಲಿ ಬಿಸಿನೆಸ್ ಇನ್ ಹಾಸ್ಪಿಟಾಲಿಟಿ" ಅಂತ ಒಂದೇ ಸಾಲು. ಉಳಿದದ್ದೆಲ್ಲ ಎರಡು ಭಾನುವಾರ ಬೀಚ್ ಗುಡಿಸಿದ ಕಥೆ, ಲೀಡರ್‌ಶಿಪ್, ವಿಷನ್...

ಇದು ಸುಳ್ಳು ಅನ್ನುವುದು ಒತ್ತಟ್ಟಿಗಿರಲಿ, ಶುದ್ಧ ದಡ್ಡತನ.

ಇದೇ ಮುಂಬಯಿಯ ಡಬ್ಬಾವಾಲಾಗಳ ಬಗ್ಗೆ 2010ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಕೇಸ್ ಸ್ಟಡಿ ಮಾಡಿತು. ಅಷ್ಟು ದೂರದವರಿಗೆ ಊಟದ ಡಬ್ಬಿಯಲ್ಲಿ ಮ್ಯಾನೇಜ್‌ಮೆಂಟ್ ಕಂಡಿತು, ನಮಗೆ ನಮ್ಮದೇ ಗಲ್ಲಾದಲ್ಲಿ ಕಾಣುವುದಿಲ್ಲ. ಮಾಟುಂಗದ ರಾಮ ನಾಯಕರ ಬೋರ್ಡಿಂಗ್ ಶುರುವಾದದ್ದು 1942ರಲ್ಲಿ. ಅಷ್ಟು ವರ್ಷ ಹೋಟೆಲ್ ಅದರಷ್ಟಕ್ಕೇ ನಡೆಯುತ್ತದೆಯೇ?

ರಜೆಯಲ್ಲಿ ಗಲ್ಲಾದಲ್ಲಿ ಕೂತ ಹುಡುಗನ ಹತ್ತಿರ ಬರೆಯುವುದಕ್ಕೆ ಎಷ್ಟಿದೆ! ಗ್ಯಾಸ್ ದರ ಏರಿದಾಗ ದೋಸೆಯ ಬೆಲೆ ಏರಿಸಿದಿರೋ, ಲಾಭ ಬಿಟ್ಟುಕೊಟ್ಟಿರೋ? ಊರಿಗೆ ಹೋದ ಭಟ್ಟರು ವಾಪಸ್ ಬಾರದಿದ್ದಾಗ ಅಡುಗೆಮನೆ ಹೇಗೆ ನಡೆಯಿತು? ಜೊಮ್ಯಾಟೋ ಕಮಿಷನ್ ಕಳೆದು ಒಂದು ಪ್ಲೇಟ್ ಇಡ್ಲಿಯಲ್ಲಿ ಉಳಿದದ್ದೆಷ್ಟು? ಏನು ನಿರ್ಧಾರ ಮಾಡಿದೆ, ಯಾಕೆ ಮಾಡಿದೆ, ಆಮೇಲೆ ಏನಾಯಿತು ಅಂತ ಅಂಕಿ ಸಮೇತ ಬರೆಯಲಿ. ನಷ್ಟವಾಗಿದ್ದರೆ ಅದನ್ನೂ ಬರೆಯಲಿ. ಹಾರ್ವರ್ಡ್ 2024ರಲ್ಲಿ ಒಂದು ಉದ್ದದ ಎಸ್ಸೆ ಬಿಟ್ಟು 250-300 ಪದಗಳ ಮೂರು ಪ್ರಶ್ನೆ ಇಟ್ಟಿತು. ಅಷ್ಟರಲ್ಲಿ ಪೊಳ್ಳು ಮಾತಿಗೆ ಜಾಗವೆಲ್ಲಿ? ನಮ್ಮ ಅಂಧೇರಿಯ ಎಸ್.ಪಿ. ಜೈನ್‌ನವರೂ ಬರೀ ಪರ್ಸೆಂಟೈಲ್ ನೋಡುವುದಿಲ್ಲ, ಪ್ರೊಫೈಲ್ ಕೆದಕುತ್ತಾರೆ. ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಬಾಡಿಗೆ ಎಸ್ಸೆಯ ಬಣ್ಣ ಬಯಲು.

"ನಮ್ಮ ಹುಡುಗನ ಇಂಗ್ಲಿಷ್ ಸಾಲದು" ಅನ್ನುತ್ತೀರಾ? ವ್ಯಾಕರಣ ತಿದ್ದಿಸಿಕೊಳ್ಳಲಿ, ಬೇಡ ಅಂದವರ್ಯಾರು. ಸರಕು ಅವನದೇ ಇರಬೇಕು ಅಷ್ಟೆ.

ಇನ್ನು ಶಿಫಾರಸು ಪತ್ರ. ಬ್ಯಾಂಕ್ ಆಫೀಸರ್ ಅಂದ ಕೂಡಲೇ ಟೈಪ್ ಮಾಡಿದ ಕಾಗದ ಹಿಡಿದು ಬರುತ್ತಾರೆ, "ಒಂದು ಸೈನ್ ಹಾಕಿ ಅಣ್ಣಾ" ಅಂತ. ಹುಡುಗನ ಖಾತೆ ನನಗೆ ಗೊತ್ತು, ಕೆಲಸ ಗೊತ್ತಿಲ್ಲ. ಹಾಕುವುದಿಲ್ಲ. ಇಬ್ಬರು ಮಾತು ಬಿಟ್ಟಿದ್ದಾರೆ, ಬಿಡಲಿ! ದಿನಾ ಅವನಿಂದ ಕೆಲಸ ಮಾಡಿಸುವ ಟೀಮ್ ಲೀಡರ್ ಒಬ್ಬರು ಇರುತ್ತಾರಲ್ಲ, ಅವರನ್ನು ಕೇಳಿ. ಹುದ್ದೆ ಚಿಕ್ಕದಾದರೆ ಚಿಂತೆಯಿಲ್ಲ. ಆದರೆ ಎರಡು ತಿಂಗಳು ಮೊದಲೇ ಕೇಳಿ ಮಾರಾಯ್ರೆ, ಕೊನೇ ದಿನದ ಹಿಂದಿನ ರಾತ್ರಿ ಅಲ್ಲ.