ಕರಡು ಯಾರಿಗಾಗಿ, ಯಾವ ಭಾಷೆಯಲ್ಲಿ?

ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಕುರಿತ ಕರಡು ಅಧಿಸೂಚನೆಯನ್ನು ಕೇಂದ್ರ ಸರ್ಕಾರ ಮೊದಲ ಬಾರಿಗೆ ಹೊರಡಿಸಿದ್ದು 2014ರ ಮಾರ್ಚ್‌ನಲ್ಲಿ. ಆರನೆಯ ಬಾರಿಗೆ 2024ರ ಜುಲೈ 31ರಂದು. ಈ ಹತ್ತು ವರ್ಷಗಳಲ್ಲಿ ಒಂದು ಕರಡೂ ಅಂತಿಮ ರೂಪ ಪಡೆಯಲಿಲ್ಲ. ಆರನೆಯ ಕರಡು ಹೊರಬೀಳುವ ಹಿಂದಿನ ದಿನವಷ್ಟೇ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡಿದ್ದರು. ಅದಾಗಿ ಎರಡು ತಿಂಗಳು ತುಂಬುವುದರೊಳಗೆ, ಸೆಪ್ಟೆಂಬರ್ 26ರಂದು, ಕರ್ನಾಟಕದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸುವ ತೀರ್ಮಾನ ಕೈಗೊಂಡಿತು. 2022ರಲ್ಲಿ ಬೇರೆ ಪಕ್ಷದ ಸರ್ಕಾರವಿದ್ದಾಗಲೂ ರಾಜ್ಯದ ನಿಲುವು ಇದೇ ಆಗಿತ್ತು. ದೆಹಲಿ ಬರೆಯಿತು, ಬೆಂಗಳೂರು ಬೇಡವೆಂದಿತು. ಕುಮಾರಧಾರೆಯ ಕಣಿವೆಯ ಕೋಡಿಂಬಾಳದಂಥ ಊರುಗಳ ಜನ ಆ ಕಾಗದವನ್ನು ಓದಿದರೇ ಎಂದು ಇಬ್ಬರೂ ಕೇಳಲಿಲ್ಲ.

ಓದದ ಕಾಗದದ ಜಾಗವನ್ನು ವದಂತಿ ತುಂಬಿತು. ತೋಟಕ್ಕೆ ಗೊಬ್ಬರ ಹಾಕುವಂತಿಲ್ಲ, ಮನೆ ಕಟ್ಟುವಂತಿಲ್ಲ, ಊರನ್ನೇ ಒಕ್ಕಲೆಬ್ಬಿಸುತ್ತಾರೆ ಎಂಬ ಮಾತುಗಳು ಹಬ್ಬಿದವು. ಕರಡಿನಲ್ಲಿರುವ ನಿಷೇಧಗಳೇ ಬೇರೆ: ಗಣಿಗಾರಿಕೆ, ಕಲ್ಲುಕೋರೆ, ಮರಳುಗಾರಿಕೆ, ಹೊಸ ಉಷ್ಣವಿದ್ಯುತ್ ಸ್ಥಾವರ, ಕೆಂಪು ವರ್ಗದ ಮಾಲಿನ್ಯಕಾರಿ ಕೈಗಾರಿಕೆ, 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡ. ಅಡಿಕೆ ತೋಟ, ಗದ್ದೆ, ಮನೆ ಈ ಪಟ್ಟಿಯಲ್ಲಿಲ್ಲ. ಜಮೀನಿನ ಮಾಲೀಕತ್ವ ವರ್ಗಾವಣೆಗೂ ತಡೆಯಿಲ್ಲ. ಹಾಗಾದರೆ ಈ ಪಟ್ಟಿಯಿಂದ ನಿಜವಾಗಿ ನಷ್ಟವಾಗುವುದು ಸಣ್ಣ ಕೃಷಿಕನಿಗೋ, ಕೋರೆಯ ಒಡೆಯನಿಗೋ?

ಆದರೂ ಜನರ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಕಾಡಿನಂಚಿನ ಕೃಷಿಕನಿಗೆ ಕಾನೂನು ಭೇಟಿಯಾಗುವುದು ಪುಸ್ತಕದಲ್ಲಲ್ಲ, ಕಚೇರಿಯ ಮೇಜಿನೆದುರು. ಕುಮ್ಕಿ ಜಾಗದ ಹಕ್ಕು ಇಂದಿಗೂ ತೂಗುಯ್ಯಾಲೆಯಲ್ಲಿದೆ. ಆನೆ ತೋಟಕ್ಕೆ ನುಗ್ಗಿದರೆ ಪರಿಹಾರಕ್ಕಾಗಿ ಅಲೆಯಬೇಕು. ಇಷ್ಟನ್ನು ಅನುಭವಿಸಿದವನು ಮತ್ತೊಂದು ಗಡಿರೇಖೆಯನ್ನು ಅನುಮಾನದಿಂದ ನೋಡಿದರೆ ತಪ್ಪೇನು?

ಈ ಅನುಮಾನಕ್ಕೆ ಮದ್ದು ಮೊದಲ ವರದಿಯಲ್ಲಿಯೇ ಇತ್ತು. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿ, ಯಾವುದನ್ನು ಹೇಗೆ ಕಾಪಾಡಬೇಕೆಂಬ ಚರ್ಚೆ ಗ್ರಾಮಸಭೆಗಳಿಂದ ಆರಂಭವಾಗಬೇಕೆಂದು ಹೇಳಿತ್ತು. 2013ರ ಕಸ್ತೂರಿರಂಗನ್ ಸಮಿತಿ ಮುಖ್ಯವಾಗಿ ಉಪಗ್ರಹ ಚಿತ್ರಗಳನ್ನು ಆಧರಿಸಿ, ಘಟ್ಟದ ಸುಮಾರು ಶೇಕಡಾ 37ರಷ್ಟು ಭಾಗವನ್ನು ಸೂಕ್ಷ್ಮವೆಂದು ಗುರುತಿಸಿತು. ಕಾಪಾಡಬೇಕಾದ ಪ್ರದೇಶ ಕುಗ್ಗಿತು. ಅದಕ್ಕಿಂತ ಹೆಚ್ಚಾಗಿ, ಜನರ ಮಾತಿನ ಜಾಗ ಕುಗ್ಗಿತು.

ಭಾಷೆಯ ಪ್ರಶ್ನೆಯೂ ಇಲ್ಲಿಯೇ ಇದೆ. ಕೇಂದ್ರದ ರಾಜಪತ್ರ ಪ್ರಕಟವಾಗುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಆಕ್ಷೇಪಣೆಗೆ ದೊರೆಯುವುದು 60 ದಿನ. 2020ರಲ್ಲಿ ಪರಿಸರ ಪರಿಣಾಮ ಅಂದಾಜಿನ ಕರಡು ಬಂದಾಗ, ಅದನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಭಾಷೆಗಳಿಗೆಲ್ಲ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಜೂನ್ 30ರಂದು ಆದೇಶಿಸಿತು. ಆ ಆದೇಶವನ್ನು ಪಾಲಿಸುವ ಬದಲು ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಜನರ ಅಭಿಪ್ರಾಯ ಕೇಳುತ್ತೇವೆನ್ನುವ ಸರ್ಕಾರವೇ ಜನರಿಗೆ ತಿಳಿಯುವ ಭಾಷೆಯಲ್ಲಿ ಕೇಳಲು ಒಲ್ಲೆನೆಂದರೆ ಆ ಕೇಳುವಿಕೆಗೆ ಅರ್ಥವೇನು?

ಕೋಡಿಂಬಾಳಕ್ಕೆ ಇನ್ನೊಂದು ತೊಡಕಿದೆ. 2020ರಲ್ಲಿ ಕಡಬ ಪಟ್ಟಣ ಪಂಚಾಯತ್ ರಚನೆಯಾದಾಗ ಈ ಗ್ರಾಮವೂ ಅದರೊಳಗೆ ಸೇರಿತು. ಪಂಚಾಯತ್ ರಾಜ್ ಕಾಯ್ದೆಯ ಗ್ರಾಮಸಭೆ ಪಟ್ಟಣ ಪಂಚಾಯತಿಗೆ ಅನ್ವಯಿಸುವುದಿಲ್ಲ. ಚುನಾಯಿತ ಸದಸ್ಯರು ಬಂದದ್ದು 2025ರ ಆಗಸ್ಟ್‌ನ ಚುನಾವಣೆಯ ನಂತರ. ಗುಡ್ಡ, ಹೊಳೆ, ತೋಟ ಇದ್ದಲ್ಲೇ ಇವೆ. ಅವುಗಳ ಬಗ್ಗೆ ಊರವರು ಒಟ್ಟಾಗಿ ಕುಳಿತು ಮಾತಾಡುವ ಕಾನೂನಿನ ಚಾವಡಿ ಮಾತ್ರ ಇಲ್ಲವಾಯಿತು. ಹೊಸ ಸದಸ್ಯರು ಮನಸ್ಸು ಮಾಡಿದರೆ ವಾರ್ಡ್‌ವಾರು ಸಭೆ ಕರೆಯುವುದು ಕಷ್ಟವೇನಲ್ಲ.

ತಿರಸ್ಕಾರದಿಂದ ಗುಡ್ಡ ಗಟ್ಟಿಯಾಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಗುಡ್ಡ ಜಾರಿತು. 2022ರ ಆಗಸ್ಟ್‌ನಲ್ಲಿ ಸುಬ್ರಹ್ಮಣ್ಯದಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ಇಬ್ಬರು ಪುಟ್ಟ ಹೆಣ್ಣುಮಕ್ಕಳು ಅಸುನೀಗಿದರು. ಕುಸಿಯುವ ಮಣ್ಣು ಯಾವ ಗ್ರಾಮ ಪಟ್ಟಿಯಲ್ಲಿದೆ, ಯಾವುದು ಇಲ್ಲ ಎಂದು ನೋಡುವುದಿಲ್ಲ.

ವಯನಾಡಿನ ಆ ಮಳೆಯ ತೀವ್ರತೆ ಹವಾಮಾನ ಬದಲಾವಣೆಯಿಂದಾಗಿ ಸುಮಾರು ಶೇಕಡಾ 10ರಷ್ಟು ಹೆಚ್ಚಿತ್ತೆಂದು ವಿಜ್ಞಾನಿಗಳು ಅಂದಾಜಿಸಿದರು. ಹೊಗೆ ಉಗುಳಿದವರು ಎಲ್ಲೋ, ಮಣ್ಣಿನಡಿ ಸಿಲುಕಿದವರು ಎಲ್ಲೋ. 2022ರ ನವೆಂಬರ್‌ನಲ್ಲಿ ಈಜಿಪ್ಟಿನಲ್ಲಿ ನಡೆದ ವಿಶ್ವ ಹವಾಮಾನ ಸಮ್ಮೇಳನದಲ್ಲಿ, ಇಂಥ ಹಾನಿಗೆ ಒಳಗಾಗುವ ಬಡ ರಾಷ್ಟ್ರಗಳಿಗಾಗಿ ನಿಧಿ ಸ್ಥಾಪಿಸಲು ಒಪ್ಪಿಗೆಯಾಯಿತು. ಆ ನ್ಯಾಯ ದೇಶದೊಳಗೂ ಸಲ್ಲಬೇಕು. ಘಟ್ಟದ ಕಾಡು ಉಳಿದರೆ ಕುಮಾರಧಾರೆ ಹರಿಯುತ್ತದೆ. ಅದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿದ ಮೇಲೆ ಮಂಗಳೂರು ಅದೇ ನೀರು ಕುಡಿಯುತ್ತದೆ. ಕಾಡು ಕಾಯುವ ಊರಿಗೆ ಹಣಕಾಸಿನ ನೆರವು ಸಲ್ಲಬೇಕೆಂದು ಕಸ್ತೂರಿರಂಗನ್ ಸಮಿತಿಯೇ ಹೇಳಿತ್ತು. ನಿಷೇಧದ ಮಾತು ಆರು ಬಾರಿ ರಾಜಪತ್ರಕ್ಕೆ ಬಂತು. ನೆರವಿನ ಮಾತು ಅಷ್ಟೇ ಗಟ್ಟಿಯಾಗಿ ಕೇಳಲಿಲ್ಲ.

ಆದುದರಿಂದ ಘಟ್ಟದ ತಪ್ಪಲಿನ ಜನ ಈಗ ಕೇಳಬೇಕಾದದ್ದು ಮೂರು ಸಂಗತಿ. ಕರಡು ಕನ್ನಡದಲ್ಲಿ ಊರಿಗೆ ಬರಲಿ. ಅದನ್ನು ಸಭೆಯಲ್ಲಿ ಓದಿ ಹೇಳಿ, ಊರಿನ ಅಭಿಪ್ರಾಯವನ್ನು ಲಿಖಿತವಾಗಿ ದಾಖಲಿಸಲಿ. ನಿಷೇಧದ ಜೊತೆಗೆ ನೆರವೂ ಅದೇ ಆದೇಶದಲ್ಲಿ ಸೇರಲಿ. ವಿದ್ಯಾರ್ಥಿಗಳು ಇದರಲ್ಲಿ ಮುಂದಾಗಬಹುದು: ತಮ್ಮ ಊರಿನ ಕೋರೆ, ತೊರೆ, ಹಳೆಯ ಕುಸಿತಗಳ ಗುರುತುಗಳನ್ನು ನಕ್ಷೆಗೆ ಇಳಿಸಿದರೆ ಅದೇ ದೊಡ್ಡ ದಾಖಲೆಯಾದೀತು. ಓದಿ ಒಪ್ಪುವುದು ಜನರ ಹಕ್ಕು, ಓದಿ ನಿರಾಕರಿಸುವುದೂ ಜನರ ಹಕ್ಕು. ಓದದ ಜನರ ಹೆಸರಿನಲ್ಲಿ ಬೇರೆಯವರು ಒಪ್ಪುವುದೂ ಬೇಡ, ತಿರಸ್ಕರಿಸುವುದೂ ಬೇಡ.