ಒಂದೇ ರೊಟ್ಟಿಯ ಒಡನಾಡಿಗಳು

'ಒಬ್ಬನಿಗೇ ಬೇಸರ, ಸ್ವಲ್ಪ ಕಂಪನಿ ಕೊಡು' ಎಂಬ ಮಾತು ನಮ್ಮ ಮಲೆನಾಡಿನ ಮನೆಗಳಲ್ಲಿಯೂ ನಿತ್ಯದ ಬಳಕೆಗೆ ಬಂದಿದೆ. ಕಂಪನಿಯೆಂದರೆ ಇತಿಹಾಸ ಓದಿದವರಿಗೆ 1600ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈಸ್ಟ್ ಇಂಡಿಯಾ ಕಂಪನಿ. ನಾಟಕಪ್ರಿಯರಿಗೆ ಗುಬ್ಬಿ ಕಂಪನಿ. ಉಳಿದವರಿಗೆ ಲಾಭನಷ್ಟದ ಲೆಕ್ಕ. ಆದರೆ ಈ ಪದದ ಬೇರು ವ್ಯಾಪಾರದಲ್ಲಿಲ್ಲ, ಊಟದಲ್ಲಿದೆ.

ಲ್ಯಾಟಿನ್ ಭಾಷೆಯಲ್ಲಿ 'ಕುಮ್' ಎಂದರೆ ಕೂಡ, 'ಪಾನಿಸ್' ಎಂದರೆ ರೊಟ್ಟಿ. ಎರಡೂ ಸೇರಿ 'ಕಂಪಾನಿಯೊ', ಅಂದರೆ ಜತೆಯಲ್ಲಿ ರೊಟ್ಟಿ ತಿನ್ನುವವನು. ಇದೇ ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದು 'ಕಂಪ್ಯಾನಿಯನ್' ಆಯಿತು, 'ಕಂಪನಿ'ಯೂ ಆಯಿತು. ನಮ್ಮ ಕನ್ನಡದ 'ಒಡನಾಡಿ' ಒಡನೆ ಆಡುವವನು, ಜತೆಯಲ್ಲಿ ಓಡಾಡುವವನು. ಒಂದು ನುಡಿ ದಾರಿಯನ್ನು ನೆನೆಯಿತು, ಇನ್ನೊಂದು ಊಟವನ್ನು ನೆನೆಯಿತು.

ಇವೆರಡೂ ಒಂದಾದ ಪ್ರಸಂಗ ಸಂತ ಲೂಕರ ಶುಭಸಂದೇಶದ 24ನೆಯ ಅಧ್ಯಾಯದಲ್ಲಿದೆ. ಎಮ್ಮಾವುಸಿನ ದಾರಿಯಲ್ಲಿ ಶಿಷ್ಯರಿಬ್ಬರು ಪುನರುತ್ಥಾನಗೊಂಡ ಪ್ರಭುವಿನ ಜತೆಯಲ್ಲೇ ನಡೆದರು, ಮಾತನಾಡಿದರು, ಗುರುತು ಹಿಡಿಯಲಿಲ್ಲ. ಗುರುತು ಹಿಡಿದದ್ದು ಅವರು ರೊಟ್ಟಿ ಮುರಿದು ಕೊಟ್ಟಾಗ. ಜತೆಯಲ್ಲಿ ನಡೆದರೂ ಅಪರಿಚಿತನಾಗಿಯೇ ಉಳಿದವನು ಜತೆಯಲ್ಲಿ ಉಂಡಾಗ ನಮ್ಮವನಾದನು.

ಇನ್ನು ನಮ್ಮ ತೋಟಗಳತ್ತ ನೋಡೋಣ. ಕಾಫಿ ಕುಯ್ಲಿನ ಕಾಲದಲ್ಲಿ ಲೈನ್ ಮನೆಗಳು ತುಂಬುತ್ತವೆ. ಈಚಿನ ವರ್ಷಗಳಲ್ಲಿ ದೂರದ ಅಸ್ಸಾಮಿನಿಂದಲೂ ಜನ ಬರುತ್ತಿದ್ದಾರೆ. ಮಾಲೀಕರೂ ಆಳುಗಳೂ ಅದೇ ಗಿಡಗಳ ಸಾಲಿನಲ್ಲಿ ದಿನವಿಡೀ ಓಡಾಡುತ್ತಾರೆ. ಆದರೆ ಊಟದ ಹೊತ್ತಿಗೆ ಎಷ್ಟು ಮನೆಗಳಲ್ಲಿ ಲೋಟ ಬೇರೆ, ತಟ್ಟೆ ಬೇರೆ, ಕುಳಿತುಕೊಳ್ಳುವ ಜಾಗವೂ ಬೇರೆ! ಭಾನುವಾರ ಒಂದೇ ಸಾಲಿನಲ್ಲಿ ನಿಂತು ಪರಮಪ್ರಸಾದ ಸ್ವೀಕರಿಸಿದವರು ಸೋಮವಾರ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳಲಾರರು.

ಇತರರನ್ನು ದೂರುವ ಅರ್ಹತೆ ನಮಗಿಲ್ಲ. ಮನೆಗಳ ಭೇಟಿಗೆ ಹೋದಾಗ ನಡುಮನೆಯಲ್ಲಿ ಕುಳಿತು ನಾವೂ ಸುಖವಾಗಿ ಉಂಡಿದ್ದೇವೆ; ಹಿತ್ತಿಲ ಜಗುಲಿಯಲ್ಲಿ ಉಣ್ಣುತ್ತಿದ್ದವರನ್ನು ಒಳಗೆ ಕರೆಯಿರೆಂದು ಹೇಳುವ ಧೈರ್ಯ ನಮಗೂ ಬರಲಿಲ್ಲ. ಉಳ್ಳವರು ಮೊದಲೇ ಉಂಡು ತೇಗಿ, ಬಡವರನ್ನು ಹಸಿದಿರಲು ಬಿಟ್ಟ ಕೊರಿಂಥದ ಸಭೆಯನ್ನು ಸಂತ ಪೌಲರು ಕಟುವಾಗಿ ಖಂಡಿಸಿದರು. ಆ ಪತ್ರದ ವಿಳಾಸದಲ್ಲಿ ನಮ್ಮ ಊರಿನ ಹೆಸರನ್ನೂ ಸೇರಿಸಿ ಓದಿಕೊಳ್ಳಬೇಕಾಗಿದೆ.

ಕೂಲಿ ಕೊಟ್ಟರೆ ಋಣ ತೀರಿತೆಂದು ಕೆಲವರು ವಾದಿಸಬಹುದು. ನ್ಯಾಯವಾದ ಕೂಲಿ ಕೊಡಲೇಬೇಕು. ಅದು ದಾನವಲ್ಲ, ಧರ್ಮ. ಆದರೆ ಕೂಲಿ ದುಡಿದ ಕೈಗೆ ಸಲ್ಲುತ್ತದೆ. ಜತೆಯ ಊಟ ಆ ಕೈಯುಳ್ಳ ಮನುಷ್ಯನಿಗೆ ಸಲ್ಲುತ್ತದೆ.

ಆದ್ದರಿಂದ ಪ್ರಿಯ ಬಾಂಧವರೇ, ಈ ಸಲದ ಕುಯ್ಲು ಮುಗಿದ ದಿನ ಪ್ರತಿ ಮನೆಯಲ್ಲಿಯೂ ಒಂದೇ ಪಂಕ್ತಿ ಹಾಕೋಣ. ಅಕ್ಕಿರೊಟ್ಟಿಯೇ ಸಾಕು. ಅದನ್ನು ಮುರಿದು ಪಕ್ಕದಲ್ಲಿ ಕುಳಿತವರಿಗೆ ಕೊಡುವಾಗ ಅವರ ಹೆಸರನ್ನು ಕೇಳೋಣ. ಎಮ್ಮಾವುಸಿನಲ್ಲಿ ತೆರೆದ ಕಣ್ಣುಗಳು ಸಕಲೇಶಪುರದಲ್ಲಿಯೂ ತೆರೆಯಲಿ.