ಕೋಕೋ ಬಟ್ಟಲಿನಲ್ಲಿ ಕಾಡಿನ ನೆರಳು

ಮಲೆನಾಡಿನಲ್ಲಿ ಮಳೆಗಾಲವೆಂದರೆ ಬಿಸಿ ಪಾನೀಯಗಳ ಕಾಲ. ಕಷಾಯ, ಕಾಫಿ, ಚಹಾಗಳ ಸಾಲಿಗೆ ಈಗ ಬಿಸಿ ಕೋಕೋವೂ ಸೇರಿಕೊಂಡಿದೆ. ಮಕ್ಕಳು ಕೇಳುತ್ತಾರೆ, ನಾವು ಅಂಗಡಿಯಿಂದ ತಂದ ಡಬ್ಬಿಯ ಪುಡಿಯನ್ನು ಹಾಲಿಗೆ ಬೆರೆಸಿ ಕೊಡುತ್ತೇವೆ. ಮನೆಯ ಹಿಂದಿನ ಅಡಿಕೆ ತೋಟದಲ್ಲಿ ಅದೇ ಕೋಕೋದ ಹಣ್ಣುಗಳನ್ನು ಅಳಿಲು, ಮಂಗಗಳು ಕೊರೆದು ಅದರ ಸಿಹಿ ತಿರುಳನ್ನು ಸವಿಯುತ್ತಿರುತ್ತವೆ. ಬೆಳೆದವರಿಗಿಂತ ಕದ್ದು ತಿನ್ನುವ ಪ್ರಾಣಿಗಳಿಗೇ ಬೆಳೆಯ ಪರಿಚಯ ಹೆಚ್ಚಾಗಿರುವ ಇಂಥ ವಿಚಿತ್ರ ಸಂಬಂಧ ನಮಗೆ ಮತ್ತಾವ ಬೆಳೆಯೊಡನೆಯೂ ಇರಲಾರದು. ಈ ಅಪರಿಚಯವೇ ನಮ್ಮನ್ನು ಬೆಲೆಯ ಬೆನ್ನು ಹತ್ತಿಸುತ್ತದೆ ಎಂಬುದು ಈ ಬರಹದ ಆತಂಕ.

ಕೋಕೋ ಮೂಲತಃ ದಕ್ಷಿಣ ಅಮೆರಿಕದ ಮಳೆಕಾಡಿನ ಮರ. ಈಕ್ವೆಡಾರ್ ದೇಶದಲ್ಲಿ ಅಗೆದು ತೆಗೆದ ಮಣ್ಣಿನ ಪಾತ್ರೆಗಳಲ್ಲಿ ಸುಮಾರು 5,300 ವರ್ಷಗಳಷ್ಟು ಹಳೆಯ ಕೋಕೋದ ಕುರುಹುಗಳು ದೊರೆತಿರುವುದನ್ನು 2018ರಲ್ಲಿ ಸಂಶೋಧಕರು ಪ್ರಕಟಿಸಿದರು. ಮಧ್ಯ ಅಮೆರಿಕದ ಮಾಯಾ ಜನರು ಹುರಿದ ಬೀಜವನ್ನು ಅರೆದು, ನೀರಿನಲ್ಲಿ ಕದಡಿ, ಮೆಣಸಿನಕಾಯಿ ಮುಂತಾದ ಸಂಬಾರಗಳನ್ನು ಸೇರಿಸಿ ಕುಡಿಯುತ್ತಿದ್ದರು. ಎತ್ತರದಿಂದ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದು ನೊರೆ ಬರಿಸುವುದು ಅವರ ಕ್ರಮ. ನಮ್ಮ ಕಾಫಿ ಹೋಟೆಲುಗಳಲ್ಲಿ ಲೋಟದಿಂದ ಬಟ್ಟಲಿಗೆ ಕಾಫಿಯನ್ನು ಆರಿಸಿ ಸುರಿಯುವವರಿಗೆ ಈ ವಿದ್ಯೆ ಹೊಸದಲ್ಲ. ಅಜ್ಟೆಕರ ಆಳ್ವಿಕೆಯಲ್ಲಿ ಕೋಕೋ ಬೀಜ ನಾಣ್ಯದಂತೆ ಚಲಾವಣೆಯಲ್ಲಿತ್ತು. ಅವರು ಅದಕ್ಕೆ ತಮ್ಮ ಕಾಡಿನದೇ ಆದ ವೆನಿಲ್ಲಾವನ್ನೂ ಬೆರೆಸುತ್ತಿದ್ದರು. ಸಕ್ಕರೆಯ ಹೆಸರೇ ಇರಲಿಲ್ಲ.

ಸ್ಪೇನ್ ದೇಶದವರು ಹದಿನಾರನೆಯ ಶತಮಾನದಲ್ಲಿ ಈ ಪಾನೀಯವನ್ನು ಯುರೋಪಿಗೆ ಕೊಂಡೊಯ್ದರು. ಅಲ್ಲಿ ಅದಕ್ಕೆ ಸಕ್ಕರೆ ಸೇರಿತು. ಆ ಸಕ್ಕರೆ ಬಂದದ್ದು ಆಫ್ರಿಕಾದಿಂದ ಸೆರೆಹಿಡಿದು ತಂದ ಗುಲಾಮರು ದುಡಿಯುತ್ತಿದ್ದ ಕಬ್ಬಿನ ತೋಟಗಳಿಂದ. 1657ರಲ್ಲಿ ಲಂಡನ್ನಿನಲ್ಲಿ ಚಾಕೊಲೇಟ್ ಪಾನಗೃಹ ತೆರೆದಾಗಲೂ ಇದು ಉಳ್ಳವರ ಬಟ್ಟಲೇ ಆಗಿತ್ತು. 1828ರಲ್ಲಿ ಹಾಲೆಂಡಿನ ವಾನ್ ಹೌಟನ್ ಕುಟುಂಬ ಬೀಜದ ಕೊಬ್ಬನ್ನು ಒತ್ತಿ ತೆಗೆಯುವ ಯಂತ್ರಕ್ಕೆ ಹಕ್ಕು ಪಡೆಯಿತು. ಉಳಿದ ಹಿಂಡಿಯನ್ನು ಪುಡಿ ಮಾಡಿದಾಗ ಅದು ಸುಲಭವಾಗಿ ಬೆರೆಯತೊಡಗಿತು, ಅಗ್ಗವಾಯಿತು. ನಾವಿಂದು ಕೋಕೋ ಪುಡಿ ಎಂದು ಕರೆಯುವುದು ಇದನ್ನೇ. ಇಂಗ್ಲೆಂಡಿನ ಕ್ವೇಕರ್ ಪಂಥದ ವ್ಯಾಪಾರಿ ಕುಟುಂಬಗಳು ಮದ್ಯಪಾನಕ್ಕೆ ಬದಲಿಯಾಗಿ ದುಡಿಯುವ ಜನರಿಗೆ ಬಿಸಿ ಕೋಕೋವನ್ನು ಪ್ರಚಾರ ಮಾಡಿದವು. ಉದ್ದೇಶ ಒಳ್ಳೆಯದೇ. ಆದರೆ ಬೀಜದ ಗಣನೀಯ ಪಾಲು ಬರುತ್ತಿದ್ದುದು ಪೋರ್ಚುಗೀಸರ ವಶದಲ್ಲಿದ್ದ ಸಾವೊ ಟೋಮೆ ದ್ವೀಪದಿಂದ. ಅಲ್ಲಿ ದುಡಿಯುತ್ತಿದ್ದವರು ಅಂಗೋಲಾದಿಂದ ಎಳೆದು ತಂದ ಜನ. ಹೆಸರಿಗೆ ಕರಾರಿನ ಕೂಲಿಗಳು, ವಾಸ್ತವದಲ್ಲಿ ಗುಲಾಮರು. ಪತ್ರಕರ್ತ ಹೆನ್ರಿ ನೆವಿನ್ಸನ್ 1906ರ ತನ್ನ ಪುಸ್ತಕದಲ್ಲಿ ಇದನ್ನು ಬಯಲಿಗೆಳೆದರೂ ಇಂಗ್ಲೆಂಡಿನ ಪ್ರಮುಖ ಕಂಪನಿಗಳು ಅಲ್ಲಿಂದ ಖರೀದಿ ನಿಲ್ಲಿಸಿದ್ದು 1909ರಲ್ಲಿ. ಕುಡಿಯುವವನ ಕಣ್ಣಿಗೆ ಬೆಳೆಯುವವನು ಕಾಣದಷ್ಟು ದೂರವಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈಗ ಮರದ ಕಡೆಗೆ ನೋಡೋಣ. ಕೋಕೋ ದೊಡ್ಡ ಮರಗಳ ಕೆಳಗೆ, ಅರೆನೆರಳಿನಲ್ಲಿ ಬಾಳಲು ಹುಟ್ಟಿದ ಗಿಡ. ಹೂವು ಅರಳುವುದು ಕಾಂಡ ಮತ್ತು ದಪ್ಪ ಕೊಂಬೆಗಳ ಮೇಲೆ. ನೂರಾರು ಹೂಗಳಲ್ಲಿ ಕಾಯಾಗುವುದು ಕೆಲವೇ ಕೆಲವು. ಪರಾಗಸ್ಪರ್ಶ ಮಾಡುವುದು ಜೇನಲ್ಲ; ಕಣ್ಣಿಗೆ ಸರಿಯಾಗಿ ಕಾಣದ ನುಸಿಯಂಥ ಕೀಟಗಳು. ಅವು ಮರಿ ಮಾಡುವುದು ನೆಲದ ಮೇಲೆ ಕೊಳೆಯುತ್ತಿರುವ ತೇವದ ತರಗೆಲೆ, ಬಾಳೆಯ ದಿಂಡು, ಒಡೆದ ಕಾಯಿಯ ಸಿಪ್ಪೆಗಳಲ್ಲಿ. ತೋಟವನ್ನು ಗುಡಿಸಿ ಚೊಕ್ಕಟವಾಗಿಡುವವನು, ಕೀಟನಾಶಕ ಹೊಡೆಯುವವನು ತನ್ನ ಫಸಲನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತಾನೆ. ನೆರಳು, ತರಗೆಲೆ, ತೇವ ಈ ಮೂರೂ ಕೂಡಿದಲ್ಲಿ ಕೋಕೋ ಉಂಟು. ಬ್ರೆಜಿಲಿನ ಬಾಹಿಯಾ ಪ್ರಾಂತ್ಯದಲ್ಲಿ ಕಾಡಿನ ದೊಡ್ಡ ಮರಗಳನ್ನು ಉಳಿಸಿಕೊಂಡು ಅವುಗಳ ಕೆಳಗೆ ಕೋಕೋ ಬೆಳೆಯುವ ಹಳೆಯ ಪದ್ಧತಿಯಿದೆ. ಅಳಿವಿನಂಚಿನಲ್ಲಿರುವ ಹೊಂಬಣ್ಣದ ಕೇಸರದ ಪುಟ್ಟ ಕೋತಿಗಳು ಅಂಥ ತೋಟಗಳಲ್ಲಿ ಇಂದಿಗೂ ಆಶ್ರಯ ಪಡೆಯುತ್ತಿವೆ.

ಈ ಪಾಠವನ್ನು ಮರೆತ ಪರಿಣಾಮ ಪಶ್ಚಿಮ ಆಫ್ರಿಕಾದಲ್ಲಿ ಕಾಣುತ್ತದೆ. ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಐವರಿಕೋಸ್ಟ್ ಮತ್ತು ಘಾನಾ ದೇಶಗಳದು. 1960ರಲ್ಲಿ ಸ್ವತಂತ್ರವಾದ ಐವರಿಕೋಸ್ಟ್ ಅಲ್ಲಿಂದೀಚೆಗೆ ತನ್ನ ಕಾಡಿನ ಬಹುಪಾಲನ್ನು ಕಳೆದುಕೊಂಡಿದೆ. ಅದರ ಮುಖ್ಯ ಕಾರಣಗಳಲ್ಲಿ ಕೋಕೋ ಒಂದು. ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಪ್ರದೇಶಗಳೊಳಗೂ ತೋಟಗಳೆದ್ದವು. ಹೊಸದಾಗಿ ಕಡಿದ ಕಾಡಿನ ಮಣ್ಣು ಕೆಲ ವರ್ಷ ಧಾರಾಳವಾಗಿ ಕೊಡುತ್ತದೆ. ಬಳಿಕ ಸಾರ ಇಳಿದು, ರೋಗ ಹೆಚ್ಚಿ, ರೈತ ಮತ್ತೊಂದು ಕಾಡಿನತ್ತ ನಡೆಯುತ್ತಾನೆ. ಈ ಎರಡು ದೇಶಗಳ ಕೋಕೋ ತೋಟಗಳಲ್ಲಿ ಸುಮಾರು 15 ಲಕ್ಷ ಬಾಲಕಾರ್ಮಿಕರಿದ್ದಾರೆಂದು 2020ರಲ್ಲಿ ಪ್ರಕಟವಾದ ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಯನ ಅಂದಾಜಿಸಿತು. ಒಂದೆಡೆ ಮಕ್ಕಳು ಕೋಕೋ ಕುಡಿಯಲು ಇನ್ನೊಂದೆಡೆ ಮಕ್ಕಳು ಕತ್ತಿ ಹಿಡಿಯಬೇಕಾಗಿದೆ.

ನಮ್ಮ ಕರಾವಳಿ, ಮಲೆನಾಡುಗಳಿಗೆ ಕೋಕೋ ಬಂದದ್ದು ಅಡಿಕೆ ತೋಟದ ಉಪಬೆಳೆಯಾಗಿ. ಇದು ನಮ್ಮ ಪುಣ್ಯವೆನ್ನಬೇಕು. ಇಲ್ಲಿ ಅದಕ್ಕಾಗಿ ಕಾಡು ಕಡಿಯಬೇಕಾಗಲಿಲ್ಲ. ಅಡಿಕೆಯ ನೆರಳು ಸಿದ್ಧವಾಗಿಯೇ ಇತ್ತು. 1980ರ ದಶಕದ ಆರಂಭದಲ್ಲಿ ಬೆಲೆ ಕುಸಿದು ಕೊಳ್ಳುವವರೇ ಇಲ್ಲದಾದಾಗ ಅನೇಕರು ಗಿಡಗಳನ್ನು ಕಿತ್ತೆಸೆದರು. ಆಗ ಕೈಹಿಡಿದದ್ದು 1973ರಲ್ಲಿ ಬೆಳೆಗಾರರೇ ಕಟ್ಟಿಕೊಂಡಿದ್ದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ. ಅದು ಕೋಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ಆರಂಭಿಸಿತು. ಬೆಳೆದವರ ಕೈಯಲ್ಲೇ ಸಂಸ್ಕರಣೆಯೂ ಇರಬೇಕೆಂಬ ಅರಿವಿಗೆ ಅದು ದೊಡ್ಡ ಸಾಕ್ಷಿ.

ಆದರೆ ಬೆಲೆಯ ಮಾಯೆ ನಮ್ಮನ್ನು ಬಿಟ್ಟಿಲ್ಲ. ಕೋಕೋದ ಹಳೆಯ ಸಂಗಾತಿ ವೆನಿಲ್ಲಾ 2003ರ ಸುಮಾರಿಗೆ ನಮ್ಮ ಊರುಗಳಲ್ಲಿ ಎಬ್ಬಿಸಿದ ಉನ್ಮಾದವನ್ನೂ, ಎರಡು ಮೂರು ವರ್ಷಗಳಲ್ಲೇ ಅದು ನೆಲಕಚ್ಚಿದ್ದನ್ನೂ ಕಂಡವರು ನಾವು. ಪಶ್ಚಿಮ ಆಫ್ರಿಕಾದಲ್ಲಿ ಹವಾಮಾನ ಕೆಟ್ಟು, ರೋಗ ಹಬ್ಬಿ ಫಸಲು ಸೋತಾಗ, 2024ರ ಮಾರ್ಚಿನಲ್ಲಿ ಕೋಕೋ ಬೆಲೆ ನ್ಯೂಯಾರ್ಕಿನ ಮಾರುಕಟ್ಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿತು. ಡಿಸೆಂಬರಿನಲ್ಲಿ 12,000ವನ್ನೂ ಮೀರಿತು. 2025ರ ಕೊನೆಯ ಹೊತ್ತಿಗೆ ಅದರ ಅರ್ಧಕ್ಕೆ ಇಳಿದಿತ್ತು. ಏರಿದ ಬೆಲೆಯನ್ನು ನೋಡಿ ನೆಟ್ಟ ಗಿಡ ಫಲ ಕೊಡುವಷ್ಟರಲ್ಲಿ ಬೆಲೆ ತನ್ನ ದಾರಿ ಹಿಡಿದಿರುತ್ತದೆ. ಅದಕ್ಕಾಗಿ ಸೊಪ್ಪಿನಬೆಟ್ಟವನ್ನು ಸವರಿದ್ದರೆ ಬೆಲೆಯೊಡನೆ ಬೆಟ್ಟವೂ ಹೋಯಿತು. ಇರುವ ತೋಟದ ನೆರಳಿನಲ್ಲಿ ಎಷ್ಟು ಕೋಕೋ ಹಿಡಿಸುವುದೋ ಅಷ್ಟನ್ನು ಬೆಳೆಯೋಣ; ಅದಕ್ಕಾಗಿ ಬೆಟ್ಟದ ಒಂದು ಮರವನ್ನೂ ಉರುಳಿಸುವುದು ಬೇಡ. ಈ ಕಟ್ಟುಪಾಡನ್ನು ಸರಕಾರ ವಿಧಿಸಲೆಂದು ಕಾಯದೆ ಊರೂರುಗಳಲ್ಲಿ ನಾವೇ ಹಾಕಿಕೊಳ್ಳಬೇಕು.

ಜತೆಗೆ ಇನ್ನೊಂದು ಕೆಲಸವಿದೆ: ನಾವು ಬೆಳೆದದ್ದನ್ನು ನಾವು ಕುಡಿಯುವುದು. ಹಸಿ ಬೀಜವನ್ನು ತೂಗಿ ಕೊಟ್ಟು ಸಕ್ಕರೆಯೇ ಹೆಚ್ಚಿರುವ ಡಬ್ಬಿಯನ್ನು ಮನೆಗೆ ತರುವುದಕ್ಕೆ ಬದಲು ವರ್ಷಕ್ಕೊಮ್ಮೆಯಾದರೂ ಸ್ವಂತ ಕೋಕೋ ಮಾಡಿ ನೋಡಬೇಕು. ಮಳೆ ಹಿಡಿಯುವ ಮೊದಲು ಬಲಿತ ಕಾಯಿ ಒಡೆದು, ಬೀಜವನ್ನು ತಿರುಳಿನ ಸಮೇತ ಬಾಳೆಲೆ ಹಾಸಿದ ಬುಟ್ಟಿಯಲ್ಲಿ ತುಂಬಿ ಮುಚ್ಚಿಡಬೇಕು. ಎರಡು ದಿನಕ್ಕೊಮ್ಮೆ ಮಗುಚುತ್ತ ಐದಾರು ದಿನ ಹುಳಿಯಲು ಬಿಟ್ಟರೆ ರಾಶಿ ತಾನಾಗಿ ಬಿಸಿಯೇರುತ್ತದೆ. ಕಹಿ, ಒಗರು ತಗ್ಗಿ ಪರಿಮಳದ ಬೀಜ ಮೂಡುವುದು ಆ ಬಿಸಿಯಿಂದ. ಆಮೇಲೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಮೂರು ಕಿಲೋ ಹಸಿ ಬೀಜಕ್ಕೆ ಸುಮಾರು ಒಂದು ಕಿಲೋ ಒಣ ಬೀಜ ಸಿಗುತ್ತದೆ. ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಕೇರಿ, ಬೆಚ್ಚಗಿನ ಒರಳಿನಲ್ಲಿ ಅರೆದರೆ ಬೀಜದ ಕೊಬ್ಬೇ ಕರಗಿ ನುಣ್ಣನೆಯ ಮುದ್ದೆಯಾಗುತ್ತದೆ. ಒಂದು ಚಮಚ ಮುದ್ದೆಯನ್ನು ಬಿಸಿನೀರಿನಲ್ಲೋ ಹಾಲಿನಲ್ಲೋ ಕದಡಿ, ಜೋನಿಬೆಲ್ಲ ಬೆರೆಸಿ, ಚೂರು ದಾಲ್ಚಿನ್ನಿಯನ್ನೋ ಕಾಳುಮೆಣಸನ್ನೋ ಹಾಕಿ, ಎತ್ತಿ ಸುರಿದು ನೊರೆ ಬರಿಸಿ ಕುಡಿಯಿರಿ. ಮೊದಲು ತುಸು ಒಗರು, ಆಮೇಲೆ ಹಣ್ಣಿನ ಹುಳಿ, ಕೊನೆಯಲ್ಲಿ ನಾಲಗೆಯ ಮೇಲೆ ಬಹಳ ಹೊತ್ತು ನಿಲ್ಲುವ ಹಿತವಾದ ಕಹಿ. ಡಬ್ಬಿಯ ಪುಡಿ ಇದನ್ನು ಮುಚ್ಚಿಟ್ಟಿತ್ತೆಂಬುದು ಆಗ ತಿಳಿಯುತ್ತದೆ.

ಇದರಿಂದ ಸಂಸಾರ ನಡೆಯುವುದೆ ಎಂದು ಕೇಳುವವರಿದ್ದಾರೆ. ನಡೆಯದು, ಫಸಲಿನ ಬಹುಪಾಲು ಮಾರುಕಟ್ಟೆಗೇ ಹೋಗಬೇಕು. ಆದರೆ ರುಚಿ ಬಲ್ಲ ಬೆಳೆಗಾರನಿಗೆ ತನ್ನ ಬೀಜದ ಗುಣ ತಿಳಿದಿರುತ್ತದೆ; ಕೊಳ್ಳುವವನು ಹೇಳಿದ ಬೆಲೆಗೆ ಅವನು ತಲೆಯಾಡಿಸುವುದಿಲ್ಲ. ಮತ್ತೂ ಒಂದು ಮಾತಿದೆ. ಒಂದೆರಡು ಕಿಲೋ ಬೀಜ ತಾನಾಗಿ ಬಿಸಿಯೇರದು; ಚೆನ್ನಾಗಿ ಹುಳಿಯಲು ಹತ್ತಾರು ಕಿಲೋಗಳ ರಾಶಿ ಬೇಕು. ಸಣ್ಣ ತೋಟದ ಒಂದು ಮನೆಯಿಂದ ಆಗದ್ದು ನಾಲ್ಕು ಮನೆಗಳು ಬೀಜ ಕೂಡಿಸಿದರೆ ಆಗುತ್ತದೆ. ಹಿಂದೆ ಆಲೆಮನೆಗೆ ಊರು ಸೇರುತ್ತಿದ್ದಂತೆ ಈಗ ಕೋಕೋ ಬುಟ್ಟಿಯ ಸುತ್ತ ಕೇರಿ ಸೇರಲಿ. ಮುಂದಿನ ಮಳೆಗಾಲದ ಸಂಜೆ ಮಕ್ಕಳ ಕೈಗೆ ಬಟ್ಟಲನ್ನು ಕೊಡುವಾಗ, ಇದು ಯಾವ ಮರದ ನೆರಳಿನಲ್ಲಿ ಬೆಳೆದದ್ದು ಎಂದು ಬೆರಳು ತೋರಿಸಿ ಹೇಳುವಂತಾಗಲಿ.